ಬುದ್ಧಿಹಲ್ಲು ತೆಗೆಸಿದರೆ ಮಾತು ತೊದಲುತ್ತದಾ?

ಪ್ರಶ್ನೆ: ನನಗೆ 26 ವರ್ಷ. ಬ್ರಹ್ಮಾವರದ ಹತ್ತಿರದ ಊರು. ಯಕ್ಷಗಾನ ಮೇಳದಲ್ಲಿ ವೇಷ ಮಾಡುತ್ತೇನೆ. ಈ ತಿರುಗಾಟದಲ್ಲಿ ಕೆಳಗಿನ ಬಲಗಡೆಯ ಬುದ್ಧಿಹಲ್ಲಿನ ಹತ್ತಿರ ಮೂರು ಸಲ ಬಾತುಕೊಂಡಿತು. ಒಮ್ಮೆಯಂತೂ ಬಾಯಿ ತೆರೆಯಲಾಗದೆ ರಜೆ ಹಾಕಿದೆ. ಆಂಟಿಬಯಾಟಿಕ್ ತಿಂದಾಗ ಇಳಿಯುತ್ತದೆ, ಮತ್ತೆ ಬರುತ್ತದೆ. ಡಾಕ್ಟರು ಇಡೀ ದವಡೆ ಕಾಣುವ ಓಪಿಜಿ ಎಕ್ಸ್‌ರೇ ನೋಡಿ, ಹಲ್ಲು ಓರೆಯಾಗಿದೆ, ಬೇರು ನರದ ಹತ್ತಿರ ಇದೆ, ನಾಲ್ಕೂ ಬುದ್ಧಿಹಲ್ಲು ಒಟ್ಟಿಗೇ ತೆಗೆಸಿಬಿಡಿ ಅಂದರು. ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆ ಅಂತ ಅಮ್ಮ ಬೇಡ ಅನ್ನುತ್ತಾರೆ. ನನ್ನ ಹೆದರಿಕೆ ಬೇರೆ. ನಾಲಿಗೆ ಮರಗಟ್ಟಿ ಮಾತು ತೊದಲಿದರೆ ನನ್ನ ಕಸುಬೇ ಹೋಯಿತು. ಮೇಳದ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು, ಮಳೆಗಾಲದಲ್ಲಿ ಮನೆಮನೆಗೆ ಹೋಗುವ ಚಿಕ್ಕಮೇಳ ಹೊರಡುವ ಮೊದಲು ಮೂರು ವಾರ ಸಿಗುತ್ತದೆ. ಅಷ್ಟು ಸಾಕಾ? ನಂಜಾಗುತ್ತದೆ, ಒಂದು ತಿಂಗಳು ಮೀನು ಮುಟ್ಟಬೇಡ ಅಂತ ದೊಡ್ಡಮ್ಮ ಹೇಳುತ್ತಾರೆ. ಎಲೆ ಅಡಿಕೆ ಹಾಕುವ ಅಭ್ಯಾಸವೂ ಇದೆ.

ಉತ್ತರ: ಮೊದಲು ಮಾತಿನ ವಿಷಯ. ನಾಲಿಗೆಯನ್ನು ಅಲ್ಲಾಡಿಸುವ ನರ ಬೇರೆ, ನಾಲಿಗೆಗೆ ಮುಟ್ಟಿದ್ದು ತಿಳಿಸುವ ನರ ಬೇರೆ. ಅಲ್ಲಾಡಿಸುವ ನರ ಬುದ್ಧಿಹಲ್ಲಿನಿಂದ ದೂರ, ನಾಲಿಗೆಯ ಅಡಿಯಲ್ಲಿ ಬರುತ್ತದೆ. ಹಲ್ಲು ತೆಗೆಯುವಾಗ ನಾವು ಅದರ ಹತ್ತಿರಕ್ಕೂ ಹೋಗುವುದಿಲ್ಲ. ತುಟಿಯದ್ದೂ ಹಾಗೆಯೇ. ಕೆಳತುಟಿಯನ್ನು ಆಡಿಸುವ ನರ ಕೆನ್ನೆಯ ಕಡೆಯಿಂದ ಬರುತ್ತದೆ, ದವಡೆ ಎಲುಬಿನ ಒಳಗಿನಿಂದಲ್ಲ. ಹಾಗಾಗಿ ಈ ಆಪರೇಷನ್‌ನಿಂದ ಬಾಯಿ ಸೊಟ್ಟಗಾಗುತ್ತದೆ, ನಾಲಿಗೆ ಬಿದ್ದುಹೋಗುತ್ತದೆ ಎಂಬ ಹೆದರಿಕೆಯನ್ನು ನೀವು ಬಿಡಬಹುದು.

ಆದರೆ ಅಪಾಯವೇ ಇಲ್ಲ ಎಂದರೆ ಅದು ಸುಳ್ಳು. ಎರಡು ನರಗಳ ವಿಷಯದಲ್ಲಿ ನಾವು ಜಾಗ್ರತೆ ಮಾಡುತ್ತೇವೆ. ಒಂದು, ಕೆಳದವಡೆಯ ಎಲುಬಿನೊಳಗೆ ಒಂದು ಕೊಳವೆಯಲ್ಲಿ ಸಾಗಿ ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವ ನರ. ನಿಮ್ಮ ಡಾಕ್ಟರು ಹೇಳಿದ ನರ ಇದೇ. ಇನ್ನೊಂದು ಬುದ್ಧಿಹಲ್ಲಿನ ಒಳಬದಿಯಲ್ಲಿ, ಒಸಡಿನ ಕೆಳಗೇ ಹಾದುಹೋಗುತ್ತದೆ. ನಾಲಿಗೆಯ ಆ ಅರ್ಧ ಭಾಗದ ಸ್ಪರ್ಶ ಮತ್ತು ರುಚಿ ಅದರಲ್ಲಿದೆ. ಇದು ಓಪಿಜಿಯಲ್ಲಿ ಕಾಣಿಸುವುದಿಲ್ಲ. ಇವೆರಡರಲ್ಲಿ ಯಾವುದಕ್ಕೆ ಎಳೆತ ಬಿದ್ದರೂ, ಒತ್ತಿದರೂ ಜೋಮು ಬರಬಹುದು. ತುಟಿಯ ಅಂಚಿನಲ್ಲಿ ಅನ್ನದ ಅಗುಳು ಅಂಟಿದರೂ ಗೊತ್ತಾಗುವುದಿಲ್ಲ. ನಾಲಿಗೆಯದ್ದಾದರೆ ಊಟ ಮಾಡುವಾಗ ಕಚ್ಚಿಕೊಳ್ಳುತ್ತೀರಿ, ಕೆಲವು ಅಕ್ಷರಗಳು ಒಂದಷ್ಟು ದಿನ ದಪ್ಪಗೆ ಬಂದಂತೆ ಅನಿಸುತ್ತವೆ. ಹೆಚ್ಚಿನವರಿಗೆ ಇದು ಕೆಲವು ವಾರ ಅಥವಾ ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಬೇರು ನರಕ್ಕೆ ತಾಗಿಕೊಂಡಿದ್ದರೆ ತುಟಿಯ ಜೋಮಿನ ಅಪಾಯ ಅದಕ್ಕಿಂತ ಜಾಸ್ತಿ. ಮಾತೇ ಬದುಕಾಗಿರುವ ನಿಮಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕಿತ್ತು. ಸಹಿ ಹಾಕುವ ಮೊದಲು ಡಾಕ್ಟರ ಹತ್ತಿರ ನೀವಾಗಿಯೇ ಕೇಳಿ, ನಾನು ವೇಷಧಾರಿ ಅಂತಲೂ ಹೇಳಿ.

ನಿಮ್ಮ ಎಕ್ಸ್‌ರೇ ನನ್ನ ಮುಂದಿಲ್ಲ. ಆದರೆ ನೀವೇ ಅದನ್ನು ಬೆಳಕಿಗೆ ಹಿಡಿದು ನೋಡಬಹುದು. ಕೆಳದವಡೆಯಲ್ಲಿ ಎರಡು ತೆಳು ಬಿಳಿ ಗೆರೆಗಳು ಒಟ್ಟೊಟ್ಟಿಗೆ ಸಾಗುತ್ತವೆ. ಅದೇ ನರದ ಕೊಳವೆ. ಬುದ್ಧಿಹಲ್ಲಿನ ಬೇರಿನ ಹತ್ತಿರ ಆ ಗೆರೆ ಮಾಯವಾಗಿದೆಯಾ? ಕೊಳವೆ ಅಲ್ಲಿ ಕಿರಿದಾಗಿದೆಯಾ, ಬಾಗಿದೆಯಾ? ಬೇರು ಆ ಜಾಗದಲ್ಲಿ ಕಪ್ಪಗೆ ಕಾಣುತ್ತದಾ? ಇದರಲ್ಲಿ ಒಂದಿದ್ದರೂ ಬರೀ ಓಪಿಜಿ ನಂಬಿ ಕೈಹಾಕುವುದು ಸರಿಯಲ್ಲ. ಓಪಿಜಿ ಚಪ್ಪಟೆ ಚಿತ್ರ. ನರ ಬೇರಿನ ಹಿಂದಿದೆಯೋ, ಮುಂದಿದೆಯೋ, ಎರಡು ಬೇರುಗಳ ನಡುವೆ ನುಗ್ಗಿದೆಯೋ ಅದರಲ್ಲಿ ತಿಳಿಯುವುದಿಲ್ಲ. ಅದಕ್ಕೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕು. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ದಂತ ಕಾಲೇಜುಗಳಿಗೆ ಕೊರತೆ ಇಲ್ಲ. ಮಣಿಪಾಲದ ಕಾಲೇಜು 1965ರಷ್ಟು ಹಳೆಯದು, ದೇರಳಕಟ್ಟೆಯಲ್ಲೂ ಮಂಗಳೂರಿನಲ್ಲೂ ಇವೆ. ಅಲ್ಲಿಯ ಓರಲ್ ಸರ್ಜರಿ ವಿಭಾಗದಲ್ಲಿ ಇಂಥ ಹಲ್ಲುಗಳು ದಿನವೂ ಬರುತ್ತವೆ. ನರಕ್ಕೆ ತಾಗಿದ ಹಲ್ಲಾದರೆ ಓರಲ್ ಸರ್ಜನ್ ಹತ್ತಿರವೇ ತೆಗೆಸಿ.

ಇನ್ನು ಈ ಹಲ್ಲು ಯಾಕೆ ಪದೇ ಪದೇ ಬಾತುಕೊಳ್ಳುತ್ತದೆ ಅಂದರೆ, ಬುದ್ಧಿಹಲ್ಲು ಬರುವುದು ಸುಮಾರು 17ರಿಂದ 25 ವರ್ಷದೊಳಗೆ. ಅಷ್ಟು ಹೊತ್ತಿಗೆ ದವಡೆಯಲ್ಲಿ ಜಾಗ ಮುಗಿದಿರುತ್ತದೆ. ಅದು ಮುಂದಿನ ಹಲ್ಲಿಗೆ ತಲೆ ಕೊಟ್ಟು ಓರೆಯಾಗಿ ನಿಲ್ಲುತ್ತದೆ. ಅರ್ಧ ಮಾತ್ರ ಹೊರಗೆ ಬಂದ ಹಲ್ಲಿನ ಮೇಲೆ ಒಸಡಿನ ಒಂದು ತುಂಡು ಮುಚ್ಚಿಕೊಂಡೇ ಇರುತ್ತದೆ. ಅದರ ಅಡಿಗೆ ಅನ್ನ, ಅಡಿಕೆ ಚೂರು ನುಗ್ಗುತ್ತದೆ. ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ರಾತ್ರಿಯಿಡೀ ಆಟ, ನಿದ್ದೆ ಇಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಊಟ. ಇಂಥ ದಿನಗಳಲ್ಲಿ ಅದು ಕೆರಳುವುದು ಹೆಚ್ಚು. ಆಂಟಿಬಯಾಟಿಕ್ ಆ ಹೊತ್ತಿನ ಸೋಂಕನ್ನು ಇಳಿಸುತ್ತದೆ, ಒಸಡಿನ ಅಡಿಯ ಜಾಗ ಹಾಗೇ ಉಳಿಯುತ್ತದೆ. ನಾಲ್ಕನೇ ಸಲ, ಐದನೇ ಸಲ ಅದನ್ನೇ ತಿನ್ನುತ್ತಾ ಹೋದರೆ ನಿಜವಾಗಿ ಬೇಕಾದಾಗ ಆ ಔಷಧ ನಾಟದೆ ಹೋಗಬಹುದು.

ಆದ್ದರಿಂದ ನನ್ನ ಅಭಿಪ್ರಾಯ ಇದು. ಬಲಗಡೆಯ ಕೆಳಹಲ್ಲು ತೆಗೆಸಿ. ನಾಲ್ಕೂ ಬೇಕಾಗಿಲ್ಲ.

ಸುಮ್ಮನಿರುವ ಬುದ್ಧಿಹಲ್ಲನ್ನು ಮುಂದೆ ಎಂದಾದರೂ ತೊಂದರೆ ಕೊಟ್ಟೀತು ಅಂತ ಕೀಳುವ ಪದ್ಧತಿಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2000ದಲ್ಲೇ ಬೇಡ ಅಂದಿದೆ. ಬುದ್ಧಿಹಲ್ಲು ತಳ್ಳಿ ಮುಂದಿನ ಹಲ್ಲು ವಕ್ರವಾಗುತ್ತದೆ ಎಂಬ ಮಾತಿಗೂ ಗಟ್ಟಿ ಆಧಾರ ಇಲ್ಲ. ನಾಲ್ಕನ್ನೂ ಒಟ್ಟಿಗೆ ತೆಗೆದರೆ ಎರಡೂ ಕಡೆ ಅಗಿಯಲು ಆಗುವುದಿಲ್ಲ, ಎರಡೂ ಕಡೆಯ ನರಕ್ಕೆ ಒಂದೇ ದಿನ ಅಪಾಯ. ಪೂರ್ತಿ ಅರಿವಳಿಕೆ ಕೊಟ್ಟು ಒಂದೇ ಸಲ ಮುಗಿಸಬೇಕಾದ ಸಂದರ್ಭಗಳು ಇವೆ, ಇಲ್ಲ ಅನ್ನುವುದಿಲ್ಲ. ನಿಮ್ಮದು ಹಾಗೆ ಕಾಣುವುದಿಲ್ಲ. ಉಳಿದ ಒಂದೊಂದು ಹಲ್ಲನ್ನೂ ಯಾಕೆ ತೆಗೆಯಬೇಕು ಅಂತ ಡಾಕ್ಟರನ್ನು ಕೇಳಿ. ಹುಳುಕು, ಪಕ್ಕದ ಹಲ್ಲು ಹಾಳಾಗಿರುವುದು, ನೀರುಗುಳ್ಳೆ, ಹೀಗೆ ಕಾರಣ ಇದ್ದರೆ ಅವರು ಎಕ್ಸ್‌ರೇಯಲ್ಲೇ ತೋರಿಸುತ್ತಾರೆ. ಬಲಗಡೆಯ ಮೇಲಿನದ್ದು ಕೆಳಗಿನ ಒಸಡನ್ನು ಕಚ್ಚುತ್ತಿದ್ದರೆ ಮಾತ್ರ ಅದನ್ನೂ ಅದೇ ದಿನ ತೆಗೆಸುವುದು ಒಳ್ಳೆಯದು. ಅದು ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ.

ಬೇರೆ ದಾರಿಗಳೂ ಇವೆ. ಹಲ್ಲಿನ ಮೇಲೆ ಮುಚ್ಚಿಕೊಂಡ ಒಸಡಿನ ತುಂಡನ್ನಷ್ಟೇ ಕತ್ತರಿಸಬಹುದು. ನೆಟ್ಟಗೆ ಬಂದು, ಜಾಗವೂ ಇರುವ ಹಲ್ಲಿಗೆ ಅದು ಸರಿ. ಓರೆ ಹಲ್ಲಿನ ಮೇಲೆ ಒಸಡು ಮತ್ತೆ ಬೆಳೆಯುತ್ತದೆ. ಬೇರು ನಿಜವಾಗಿ ನರವನ್ನು ಅಪ್ಪಿಕೊಂಡಿದೆ ಅಂತ ಸ್ಕ್ಯಾನ್‌ನಲ್ಲಿ ಕಂಡರೆ, ಹಲ್ಲಿನ ತಲೆಭಾಗ ಮಾತ್ರ ಕತ್ತರಿಸಿ ತೆಗೆದು ಬೇರನ್ನು ಎಲುಬಿನೊಳಗೇ ಬಿಡುವ ವಿಧಾನ ಇದೆ. ಕರೋನೆಕ್ಟಮಿ ಅನ್ನುತ್ತಾರೆ. ನರದ ಅಪಾಯ ತುಂಬಾ ಕಡಿಮೆಯಾಗುತ್ತದೆ. ಆದರೆ ಉಳಿದ ಬೇರಿಗೆ ಸೋಂಕಾಗಬಹುದು, ಅದು ಕಾಲಕ್ರಮೇಣ ಮೇಲಕ್ಕೆ ಸರಿಯಬಹುದು, ಕೆಲವರಿಗೆ ಇನ್ನೊಮ್ಮೆ ಆಪರೇಷನ್ ಬೇಕಾಗಬಹುದು. ಹುಳುಕು ಒಳಗಿನವರೆಗೆ ಇಳಿದ ಹಲ್ಲಿಗೆ ಇದು ಆಗುವುದಿಲ್ಲ. ಮಾತಿನ ಕಸುಬಿನವರಾದ ನಿಮಗೆ ಇದನ್ನು ಕೇಳಿ ನೋಡುವುದರಲ್ಲಿ ಅರ್ಥವಿದೆ. ಏನೂ ಮಾಡದೆ ಬಿಟ್ಟರೆ? ಬಾವು ಮತ್ತೆ ಬರುತ್ತದೆ. ಸಂದಿನಲ್ಲಿ ಆಹಾರ ಕೂತು ಮುಂದಿನ ಒಳ್ಳೆಯ ದವಡೆ ಹಲ್ಲಿನ ಹಿಂಬದಿ ಹುಳುಕಾಗುತ್ತದೆ. ನಾನು ಹೆಚ್ಚು ನೋಡುವ ನಷ್ಟ ಅದೇ. ಕೆಡುಕು ಬುದ್ಧಿಹಲ್ಲಿನದ್ದು, ಹೋಗುವುದು ಅಗಿಯುವ ಹಲ್ಲು.

ಅಮ್ಮನಿಗೆ ಹೇಳಿ, ಹಲ್ಲಿನ ನರಕ್ಕೂ ಕಣ್ಣಿನ ನೋಟಕ್ಕೂ ಸಂಬಂಧ ಇಲ್ಲ. ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಮೇಲಿನ ಹಲ್ಲು ನೋವಾದರೆ ಕಣ್ಣಿನ ಹತ್ತಿರ, ಕಪಾಲಕ್ಕೆ ಎಳೆಯುತ್ತದೆ. ಕೀವಾದರೆ ಕಣ್ಣಿನ ಕೆಳಗೆ ಬಾತುಕೊಳ್ಳುತ್ತದೆ. ಹಿಂದಿನವರು ಹಲ್ಲು ಕೀಳಿಸುತ್ತಿದ್ದ ವಯಸ್ಸಿನಲ್ಲೇ ಕಣ್ಣಿಗೆ ಪೊರೆಯೂ ಬರುತ್ತಿತ್ತು. ಕಣ್ಣಿನ ಸುತ್ತ ಅಪಾಯ ಇರುವುದು ಕೀವಿನ ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡರೆ.

ಈಗ ತಯಾರಿ. ಬಾವು ಇರುವಾಗ ತೆಗೆಸಲು ಅವಸರ ಮಾಡಬೇಡಿ. ಸೋಂಕಾದ ಜಾಗದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ಹಲ್ಲು ಕೀಳಿಸುವಾಗ ಪ್ರಾಣ ಹೋಯಿತು ಅಂತ ಹೇಳುವವರಲ್ಲಿ ಅನೇಕರು ಬಾವು ಇರುವಾಗಲೇ ಕೀಳಿಸಿದವರು. ಮೊದಲು ಒಸಡಿನ ಅಡಿ ತೊಳೆಸಿ, ಹಲ್ಲು ಕ್ಲೀನ್ ಮಾಡಿಸಿ, ಇಳಿದ ಮೇಲೆ ದಿನ ಗೊತ್ತು ಮಾಡಿ. ಪತ್ತನಾಜೆ ಕಳೆದ ಮೊದಲ ವಾರದಲ್ಲೇ ಮಾಡಿಸಿ. ಆದರೆ ಮೇಳ ಗೆಜ್ಜೆ ಬಿಚ್ಚಿದ ಮರುದಿನವೇ ಬೇಡ. ಎರಡು ರಾತ್ರಿಯಾದರೂ ಚೆನ್ನಾಗಿ ನಿದ್ದೆ ಮಾಡಿ ಬನ್ನಿ. ಬರೀ ಜಾಗ ಮರಗಟ್ಟಿಸಿ ಮಾಡುವುದಾದರೆ ಊಟ ಮಾಡಿಯೇ ಬರಬೇಕು. ಖಾಲಿ ಹೊಟ್ಟೆಯಲ್ಲಿ ಬಂದು ಕುರ್ಚಿಯಲ್ಲಿ ತಲೆತಿರುಗುವವರು ಬಹಳ ಜನ. ಪೂರ್ತಿ ಅರಿವಳಿಕೆ ಆದರೆ ಮಾತ್ರ ಉಪವಾಸ. ತಿನ್ನುವ ಮಾತ್ರೆಗಳು, ಅಲರ್ಜಿ, ಬಿಪಿ, ಸಕ್ಕರೆ ಏನಿದ್ದರೂ ಹೇಳಿ. ರಕ್ತ ತೆಳು ಮಾಡುವ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಬಾರದು. ಬೈಕಿನಲ್ಲಿ ಒಬ್ಬರೇ ಬರಬೇಡಿ.

ಎಲೆ ಅಡಿಕೆಯ ವಿಷಯ ಮುಚ್ಚಿಡದೆ ಬರೆದಿದ್ದು ಒಳ್ಳೆಯದಾಯಿತು. ಬಾವು ಇಲ್ಲದ ದಿನ ಕನ್ನಡಿ ಮುಂದೆ ನಿಂತು ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಯಬೇಕು. ಹಿಡಿಯದಿದ್ದರೆ, ಖಾರ ತಾಗಿದಾಗ ಕೆನ್ನೆ ಒಳಗೆ ಉರಿ ಇದ್ದರೆ, ಕೆನ್ನೆಯ ಒಳಚರ್ಮ ಬಿಳಚಿ ಗಟ್ಟಿಯಾಗಿದ್ದರೆ, ಅದು ಬುದ್ಧಿಹಲ್ಲಿನ ತೊಂದರೆ ಅಲ್ಲ. ಅಡಿಕೆಯಿಂದ ಬಾಯಿ ಬಿಗಿಯುವ ಕಾಯಿಲೆ ಇರಬಹುದು. ನಮ್ಮದು ಅಡಿಕೆ ಬೆಳೆಯುವ ಜಿಲ್ಲೆ, ಈ ಮಾತು ಹಲವರಿಗೆ ಕಹಿ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ, ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹಲ್ಲು ತೆಗೆಸುವ ನೆಪದಲ್ಲಿ ಬಿಟ್ಟರೆ ಬಾಯಿಗೂ ಒಳ್ಳೆಯದು, ವೇಷಕ್ಕೂ ಒಳ್ಳೆಯದು.

ಆ ದಿನ ಕುರ್ಚಿಯಲ್ಲಿ ಏನಾಗುತ್ತದೆ ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಇಂಜೆಕ್ಷನ್ ಆದ ಮೇಲೆ ತುಟಿ ದಪ್ಪಗಾಗಿ ನೇತಾಡುತ್ತಿದೆ ಅನಿಸುತ್ತದೆ. ಕನ್ನಡಿಯಲ್ಲಿ ನೋಡಿದರೆ ಏನೂ ಆಗಿರುವುದಿಲ್ಲ. ಒಸಡನ್ನು ಬಿಡಿಸಿ, ಹಲ್ಲಿನ ಸುತ್ತ ಸ್ವಲ್ಪ ಎಲುಬನ್ನು ನೀರು ಹಾಯಿಸುತ್ತಾ ಡ್ರಿಲ್‌ನಿಂದ ಸವೆಸುತ್ತೇವೆ. ಆಮೇಲೆ ಹಲ್ಲನ್ನು ಎರಡು ಮೂರು ತುಂಡು ಮಾಡಿ ತೆಗೆಯುತ್ತೇವೆ. ತುಂಡಾಗುವಾಗ ಟಕ್ ಎಂಬ ಸದ್ದು ಕಿವಿಯ ಒಳಗೇ ಕೇಳುತ್ತದೆ. ಎಲುಬಿನ ಮೂಲಕ ಬರುವ ಸದ್ದು ಅದು, ದವಡೆ ಮುರಿದದ್ದಲ್ಲ. ಒತ್ತಡ ಗೊತ್ತಾಗುತ್ತದೆ, ನೋವು ಗೊತ್ತಾಗಬಾರದು. ಚುಚ್ಚಿದ ಹಾಗೆ ನೋವಾದರೆ ಕೈ ಎತ್ತಿ, ಇನ್ನಷ್ಟು ಔಷಧ ಹಾಕುತ್ತಾರೆ. ಸಹಿಸಿಕೊಂಡು ಕೂರಬೇಡಿ. ಕೊನೆಗೆ ಹೊಲಿಗೆ.

ಮನೆಗೆ ಬಂದ ಮೇಲಿನ ಕೆಲಸವೆಲ್ಲ ಒಂದೇ ವಸ್ತುವನ್ನು ಕಾಪಾಡುವುದು: ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತ. ಮೊಣಕಾಲಿನ ಗಾಯದ ಮೇಲೆ ಕಟ್ಟುವ ಹಕ್ಕಳೆ ಇದ್ದ ಹಾಗೆ ಅದು. ಕಿತ್ತರೆ ಕೆಳಗೆ ಹಸಿ ಎಲುಬು. ಗಾಜ್ ಬಟ್ಟೆಯನ್ನು ಒಂದು ಗಂಟೆ ಬಿಗಿಯಾಗಿ ಕಚ್ಚಿಕೊಳ್ಳಿ. ನಡುನಡುವೆ ತೆಗೆದು ನೋಡಬೇಡಿ. ಜೊಲ್ಲನ್ನು ಉಗುಳಬೇಡಿ, ನುಂಗಿ. ಉಗುಳುವ ಎಳೆತಕ್ಕೆ ಹೆಪ್ಪು ಕಳಚುತ್ತದೆ. ಬೀಡಿ, ಸಿಗರೇಟು ಎಳೆಯುವುದೂ ಅದೇ, ಜೊತೆಗೆ ಹೊಗೆಯ ಕೆಡುಕು ಬೇರೆ. ಬೊಂಡ (ಎಳನೀರು) ಕುಡಿಯಬಹುದು, ಸ್ಟ್ರಾ ಬೇಡ, ಲೋಟಕ್ಕೆ ಹೊಯ್ದು ಕುಡಿಯಿರಿ. ಎಲೆ ಅಡಿಕೆ ಎರಡು ವಾರ ಬೇಡವೇ ಬೇಡ. ಜೊಲ್ಲು ಒಂದು ದಿನ ಕೆಂಪಗಿರುವುದು ಸಹಜ, ಒಂದು ತೊಟ್ಟು ರಕ್ತ ಬಾಯಿ ತುಂಬಾ ಬಣ್ಣ ಮಾಡುತ್ತದೆ. ಬಾಯಿ ಮತ್ತೆ ಮತ್ತೆ ರಕ್ತದಿಂದಲೇ ತುಂಬಿದರೆ, ಶುದ್ಧ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಮಡಚಿ ಅರ್ಧ ಗಂಟೆ ಕಚ್ಚಿ ಕೂತುಕೊಳ್ಳಿ. ಆಗಲೂ ನಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ನೋವಿನ ಮಾತ್ರೆಯನ್ನು ಮರಗಟ್ಟಿದ್ದು ಬಿಡುವ ಮೊದಲೇ ತೆಗೆದುಕೊಳ್ಳಿ. ಗ್ಯಾಸ್ಟ್ರಿಕ್ ಹುಣ್ಣು, ಕಿಡ್ನಿ ತೊಂದರೆ, ಉಬ್ಬಸ ಇರುವವರು ಐಬುಪ್ರೊಫೆನ್ ಜಾತಿಯದ್ದು ಕೇಳಿಯೇ ತಿನ್ನಬೇಕು. ಐಬುಪ್ರೊಫೆನ್ ಜೊತೆ ಪ್ಯಾರಸಿಟಮಾಲ್ ಸೇರಿದ ಮಾತ್ರೆ ತಿಂದು, ಅದರ ಮೇಲೆ ಡೋಲೊ 650 ತಿನ್ನುವವರಿದ್ದಾರೆ. ಎರಡರಲ್ಲೂ ಪ್ಯಾರಸಿಟಮಾಲ್ ಇದೆ, ಲಿವರ್‌ಗೆ ಪೆಟ್ಟು. ಚೀಟಿಯ ಮೇಲೆ ಓದಿ ನೋಡಿ. ಲವಂಗದ ಎಣ್ಣೆಯನ್ನು ಹಸಿ ಗಾಯಕ್ಕೆ ಹಾಕಬೇಡಿ, ಸುಡುತ್ತದೆ.

ಮೊದಲ ದಿನ ಕೆನ್ನೆಯ ಹೊರಗೆ ಬಟ್ಟೆಯಲ್ಲಿ ಸುತ್ತಿದ ಐಸ್, ಹದಿನೈದು ನಿಮಿಷ ಇಟ್ಟು ಹದಿನೈದು ನಿಮಿಷ ಬಿಡುವುದು. ಎರಡು ದಿಂಬು ಇಟ್ಟು ಮಲಗಿ. ಬಾವು ಎರಡನೇ, ಮೂರನೇ ದಿನ ಜಾಸ್ತಿಯಾಗುತ್ತದೆ. ಆಪರೇಷನ್ ಹಾಳಾಯಿತು ಅಂತ ಗಾಬರಿ ಬೀಳುವುದು ಆಗಲೇ. ಅದು ಇರಬೇಕಾದದ್ದೇ, ಆಮೇಲೆ ಇಳಿಯುತ್ತದೆ. ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಲ್ಲಿಟ್ಟು ತಲೆ ಆಚೀಚೆ ಬಾಗಿಸಿ, ಬಾಯಿ ತೆರೆದು ಬೀಳಲು ಬಿಡಿ. ಮುಕ್ಕಳಿಸಿ ಉಗಿಯುವುದು ಬೇಡ. ಮೂರು ನಾಲ್ಕು ದಿನಕ್ಕೆ ಗಾಯದಲ್ಲಿ ಬಿಳಿ ಹಳದಿ ಪದರ ಕಾಣುತ್ತದೆ. ಕೀವು ಅಂತ ಕಡ್ಡಿ ಹಾಕಿ ಕೆದಕುವವರಿದ್ದಾರೆ. ಅದು ಮಾಯುವ ಪದರ, ಮುಟ್ಟಬೇಡಿ.

ಹೆಪ್ಪು ಕಳಚಿಹೋದರೆ ಬರುವ ತೊಂದರೆಗೆ ಡ್ರೈ ಸಾಕೆಟ್ ಅನ್ನುತ್ತಾರೆ. ಕೆಳಗಿನ ಬುದ್ಧಿಹಲ್ಲಿಗೇ ಹೆಚ್ಚು. ಇದರ ಗುರುತು ಸುಲಭ. ಕಡಿಮೆಯಾಗುತ್ತಾ ಬಂದ ನೋವು ಮೂರನೆಯ ದಿನದ ಹೊತ್ತಿಗೆ ತಿರುಗಿ ಏರುತ್ತದೆ, ಕಿವಿಗೆ ಎಳೆಯುತ್ತದೆ, ಬಾಯಿ ವಾಸನೆ ಬರುತ್ತದೆ, ಮಾತ್ರೆಗೆ ಬಗ್ಗುವುದಿಲ್ಲ. ಮೆಡಿಕಲ್‌ನಿಂದ ಇನ್ನೊಂದು ಆಂಟಿಬಯಾಟಿಕ್ ತಂದರೆ ಪ್ರಯೋಜನ ಇಲ್ಲ. ಡಾಕ್ಟರು ತೊಳೆದು ಔಷಧದ ಬತ್ತಿ ಇಟ್ಟರೆ ಬೇಗ ಆರಾಮ ಸಿಗುತ್ತದೆ.

ದೊಡ್ಡಮ್ಮ ಹೇಳುವ ನಂಜಿನ ವಿಷಯ. ಬಂಗುಡೆ, ಬೂತಾಯಿ ತಿಂದರೆ ಗಾಯ ಕೀವಾಗುವುದಿಲ್ಲ. ನಿಮಗೆ ಮೀನಿನ ಅಲರ್ಜಿ ಇಲ್ಲ ಅಂದರೆ ಅದರ ಪ್ರೋಟೀನ್ ಗಾಯ ಮಾಯಲು ಬೇಕಾದದ್ದೇ. ಮೀನಿನಲ್ಲಿ ಮುಳ್ಳು ಮತ್ತು ಸಾರಿನ ಖಾರ ಮಾತ್ರ ತೊಂದರೆ. ನಾಲ್ಕನೇ ದಿನದಿಂದ ಮುಳ್ಳು ಬಿಡಿಸಿದ ಮೀನು, ಖಾರ ಕಡಿಮೆ ಮಾಡಿ, ಎಡಗಡೆಯಿಂದ ಅಗಿದು ತಿನ್ನಿ. ಮೊದಲೆರಡು ದಿನ ತಣಿದ ಗಂಜಿ, ಮಜ್ಜಿಗೆ, ರಾಗಿ ಮಣ್ಣಿ. ಕುಚ್ಚಲಕ್ಕಿ ಗಂಜಿಯನ್ನು ಕಿವುಚಿಯೇ ಕುಡಿಯಿರಿ, ಇಡೀ ಅಗುಳು ಗುಂಡಿಯಲ್ಲಿ ಕೂರುತ್ತದೆ. ಆಮೇಲೆ ಇಡ್ಲಿ, ನೀರುದೋಸೆ. ಕೋರಿ ರೊಟ್ಟಿ, ಹಪ್ಪಳ, ಚಕ್ಕುಲಿ ಎರಡು ಮೂರು ವಾರ ದೂರ ಇರಲಿ, ಚೂಪು ಚೂರುಗಳು ಗಾಯಕ್ಕೆ ಚುಚ್ಚುತ್ತವೆ.

ಮೂರು ವಾರ ಹೆಚ್ಚಿನವರಿಗೆ ಸಾಕು. ಹೊಲಿಗೆ ಬಿಚ್ಚುವುದು ಒಂದು ವಾರಕ್ಕೆ. ಮೆಲ್ಲನೆ ಮಾತಾಡಲು ಎರಡು ಮೂರು ದಿನಕ್ಕೇ ಆಗುತ್ತದೆ. ಐದನೇ ದಿನದಿಂದ ಕೆನ್ನೆಗೆ ಬಿಸಿ ಶಾಖ ಕೊಟ್ಟು ಬಾಯಿ ತೆರೆಯುವ ಅಭ್ಯಾಸ ಮಾಡಿ. ಎತ್ತರದ ಸ್ವರದ ಮಾತುಗಾರಿಕೆ, ಕುಣಿತ, ಸುತ್ತಿ ಹಾರುವ ದಿಗಿಣ ಎರಡು ವಾರ ಬೇಡ. ವೇಷಕ್ಕಾಗಿ ತಲೆ ಕಿವಿಯ ಸುತ್ತ ಬಿಗಿದು ಕಟ್ಟುವುದೂ ಬಾವು ಪೂರ್ತಿ ಇಳಿದ ಮೇಲೆ. ಡ್ರೈ ಸಾಕೆಟ್ ಆದರೂ ಮೂರನೇ ವಾರ ಕೈಯಲ್ಲಿರುತ್ತದೆ, ಅದಕ್ಕೇ ಮೊದಲ ವಾರದಲ್ಲೇ ಮಾಡಿಸಿ ಅಂದದ್ದು. ಮೇಳದ ಯಜಮಾನರಿಗೆ ಮೊದಲೇ ತಿಳಿಸಿಡಿ. ಮರುದಿನವೂ ತುಟಿ ಅಥವಾ ನಾಲಿಗೆಯ ಜೋಮು ಉಳಿದಿದ್ದರೆ ತಕ್ಷಣ ಡಾಕ್ಟರಿಗೆ ಹೇಳಿ, ಬರೆಸಿಡಿ. ತಾನಾಗಿ ಹೋಗುತ್ತದೆ ಅಂತ ತಿಂಗಳುಗಟ್ಟಲೆ ಕಾಯಬೇಡಿ. ನರ ಹೊಲಿಯುವ ಸಂದರ್ಭ ಬಂದರೆ ಬೇಗ ಮಾಡಿದಷ್ಟು ಗುಣ.

ನಮ್ಮ ಊರಿನ ಮಳೆಗಾಲಕ್ಕೆ ಸೇರಿದ ಒಂದು ಮಾತು ಇದೆ. ಜೂನ್ ಬಂತೆಂದರೆ ಮಂಗಳೂರು, ಉಡುಪಿಯಲ್ಲಿ ಮಲೇರಿಯಾ, ಡೆಂಗಿ ಶುರು. ದಿನ ಗೊತ್ತಾದ ಮೇಲೆ ಜ್ವರ ಬಂದರೆ ಹಲ್ಲು ಮುಂದೆ ಹಾಕಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿದ್ದಾಗ ಹಲ್ಲು ಕಿತ್ತರೆ ರಕ್ತ ನಿಲ್ಲುವುದು ಕಷ್ಟ. ತೆಗೆಸಿದ ಮೇಲೆ ಚಳಿ ಜ್ವರ ಬಂದರೂ ಹಲ್ಲಿನದ್ದೇ ಅಂತ ಮನೆಯಲ್ಲಿ ಕೂರಬೇಡಿ, ಡೆಂಗಿ ಅಲ್ಲ ಅಂತ ತಿಳಿಯುವವರೆಗೆ ಐಬುಪ್ರೊಫೆನ್ ನಿಲ್ಲಿಸಿ. ಈಗಲೇ ಆಗಲಿ, ಆಮೇಲೆ ಆಗಲಿ, ನುಂಗಲು ಕಷ್ಟವಾದರೆ, ಗದ್ದದ ಕೆಳಗೆ ಕತ್ತಿನ ಕಡೆಗೆ ಬಾವು ಇಳಿದರೆ, ಉಸಿರು ಕಟ್ಟಿದಂತಾದರೆ ಬೆಳಗಾಗಲಿ ಅಂತ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಎಡಗಡೆಯ ಎರಡು ಹಲ್ಲು ಸದ್ಯ ಇರಲಿ. ಅವುಗಳ ಹಿಂಬದಿಗೆ ಚಿಕ್ಕ ತಲೆಯ ಬ್ರಷ್ ಹಾಕಿ ಉಜ್ಜಿ, ವರ್ಷಕ್ಕೊಮ್ಮೆ ತೋರಿಸಿ. ಈ ಓಪಿಜಿಯನ್ನು ಎಸೆಯಬೇಡಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ.